ಬಿಳಿ ಸಿಮೆಂಟಿನ ನಾಜೂಕು

ಬೂದು ಸಿಮೆಂಟಿನ ಮೂಟೆಯನ್ನು ಗಾರೆಯವರು ದೊಪ್ಪೆಂದು ಕೆಡವುತ್ತಾರೆ. ಬಿಳಿ ಸಿಮೆಂಟಿನ ಚೀಲವನ್ನು ಮಾತ್ರ ಒಳಗೆ, ಒಣ ಮೂಲೆಯಲ್ಲಿ ಜೋಪಾನವಾಗಿ ಎತ್ತಿಡುತ್ತಾರೆ. ಬೆಲೆಯ ಮಹಿಮೆ! ಎರಡೂ ಹುಟ್ಟುವುದು ಸುಣ್ಣದಕಲ್ಲಿನಿಂದಲೇ. ಬೂದುಬಣ್ಣ ಬರುವುದು ಮುಖ್ಯವಾಗಿ ಕಬ್ಬಿಣದ ಆಕ್ಸೈಡಿನಿಂದ. ಅದನ್ನು ದೂರವಿಡಲು ಕಬ್ಬಿಣದಂಶ ತೀರಾ ಕಡಿಮೆಯಿರುವ ಕಲ್ಲು, ಬಿಳಿ ಜೇಡಿ ಹುಡುಕಬೇಕು. ಕಬ್ಬಿಣವಿಲ್ಲದೆ ಈ ಮಾಲು ಸುಲಭವಾಗಿ ಬೇಯುವುದೂ ಇಲ್ಲ. ಗೂಡಿನ ಉರಿ ಇನ್ನೂ ಹೆಚ್ಚಬೇಕು. ದುಬಾರಿಯಾಗದೆ ಇನ್ನೇನು?

ಪಾಯ, ಕಂಬ, ತಾರಸಿಗೆ ಬೂದು ಸಿಮೆಂಟೇ ಸರಿ. ಬಿಳಿಯದರ ಸೊಗಸು ಕಾಣಬೇಕೆಂದರೆ ಹಳೆಯ ಮನೆಗಳ ಮೊಸಾಯಿಕ್ ನೆಲ ನೋಡಿ. ಅಮೃತಶಿಲೆಯ ಚೂರುಗಳನ್ನು ಅದರೊಂದಿಗೆ ಕಲಸಿ ಹಾಸಿ, ಗಟ್ಟಿಯಾದ ಮೇಲೆ ನೀರು ಬಿಟ್ಟು ಉಜ್ಜುತ್ತಿದ್ದರು. ಹಾಲಿನಂಥ ಕೆಸರು ಹರಿದುಹೋದಂತೆ ಚೂರುಗಳು ಒಂದೊಂದಾಗಿ ಕಣ್ಣು ಬಿಡುತ್ತಿದ್ದವು. ಹಳದಿ, ತಿಳಿಹಸಿರು ನೆಲಕ್ಕೂ ಇದೇ ಬೇಕು. ಬೂದು ಸಿಮೆಂಟಿಗೆ ಹಳದಿ ಬೆರೆಸಿದರೆ ಬರೀ ರಾಡಿ. ರೆಡ್ ಆಕ್ಸೈಡಾದರೋ ಆ ಬೂದುಬಣ್ಣವನ್ನು ಅರಗಿಸಿಕೊಳ್ಳುವ ಗಟ್ಟಿಗ.

ನಿಮ್ಮ ಮನೆಯಲ್ಲೂ ಬಿಳಿ ಸಿಮೆಂಟಿನ ಕೆಲಸವಿದ್ದರೆ, ಕಲಸುವ ಮೊದಲು ಬಾಂಡ್ಲಿ, ಕರಣೆ ಎರಡನ್ನೂ ತೊಳೆಸಿ. ನಿನ್ನೆಯ ಬೂದು ಗಾರೆ ಚೂರು ಅಂಟಿಕೊಂಡಿದ್ದರೂ ಬಣ್ಣ ಕೆಡುತ್ತದೆ.