ಬಾರದ ಹಡಗುಗಳ ಲೆಕ್ಕ

ಸಿಂಗಪುರದ ಪತನದ ಮಾತು ಬಂದಾಗಲೆಲ್ಲ ಒಂದು ಕತೆಯೂ ಜೊತೆಗೆ ಬರುತ್ತದೆ: ಬ್ರಿಟಿಷರ ಫಿರಂಗಿಗಳು ಕಡಲಿನತ್ತ ಮುಖಮಾಡಿದ್ದವು, ಜಪಾನೀಯರು ಹಿತ್ತಿಲಿನಿಂದ ನುಗ್ಗಿದರು. ಕತೆ ಸೊಗಸಾಗಿದೆ, ಪೂರ್ತಿ ನಿಜವಲ್ಲ. ಬಹಳಷ್ಟು ಫಿರಂಗಿಗಳನ್ನು ನೆಲದ ಕಡೆಗೂ ತಿರುಗಿಸಬಹುದಿತ್ತು. ಆದರೆ ಅವಕ್ಕೆ ಒದಗಿಸಿದ್ದ ಗುಂಡುಗಳಲ್ಲಿ ಹೆಚ್ಚಿನವು ಹಡಗಿನ ಉಕ್ಕನ್ನು ಸೀಳಲು ಮಾಡಿದಂಥವು. ಕಾಲಾಳುಗಳ ಮೇಲೆ ಅಷ್ಟಾಗಿ ನಡೆಯುತ್ತಿರಲಿಲ್ಲ. ಜೆ.ಜಿ. ಫ್ಯಾರೆಲ್‌ನ ‘ದಿ ಸಿಂಗಪುರ್ ಗ್ರಿಪ್’ (1978) ನನಗೆ ಮುಖ್ಯವಾಗುವುದು, ಅದು ಸೋಲಿನ ಕಾರಣವನ್ನು ಫಿರಂಗಿಗಳಲ್ಲಿ ಹುಡುಕದೆ ಶಾಂತಿಕಾಲದ ಬಂಗಲೆಗಳಲ್ಲಿ, ಕಂಪನಿಯ ಕಚೇರಿಗಳಲ್ಲಿ ಹುಡುಕುವುದರಿಂದ.

ರಕ್ಷಣೆಯ ಯೋಜನೆಯೇ ಅರೆಪಾಲು ಕಾದಂಬರಿಯಾಗಿತ್ತು. 1921ರಲ್ಲಿ ನೌಕಾನೆಲೆ ಕಟ್ಟುವುದೆಂದು ತೀರ್ಮಾನವಾಯಿತು, ನೌಕಾಪಡೆ ಮಾತ್ರ ಯುರೋಪಿನಲ್ಲೇ ಉಳಿಯಬೇಕು. ಯುದ್ಧ ಬಂದರೆ ಅದು ಹೊರಟು ಬರುತ್ತದೆ. ಬರುವ ತನಕ ದ್ವೀಪ ತಡೆದುಕೊಂಡಿರಬೇಕು. 1924ರಲ್ಲಿ ಲೇಬರ್ ಸರ್ಕಾರ ಕೆಲಸ ನಿಲ್ಲಿಸಿತು, ಮುಂದಿನ ಸರ್ಕಾರ ಮತ್ತೆ ಎತ್ತಿಕೊಂಡಿತು. ದೊಡ್ಡ ಡಾಕ್ ಉದ್ಘಾಟನೆಯಾದದ್ದು 1938ರಲ್ಲಿ. ಎಷ್ಟು ದಿನ ಕಾಯಬೇಕು? 70 ದಿನವೆಂದಿದ್ದದ್ದು 1939ರಲ್ಲಿ 90 ಆಯಿತು, ಯುರೋಪಿನಲ್ಲಿ ಯುದ್ಧ ಶುರುವಾದೊಡನೆ 180. ಹಡಗುಗಳು ಬರಲಾರವು ಎಂದು ಬಾಯಿಬಿಟ್ಟು ಹೇಳಲಾಗದವರು ದಿನಗಳನ್ನು ತಿದ್ದುತ್ತ ಹೋದರು. ದಾಳಿ ಉತ್ತರದ ಮಲಯದಿಂದ ಇಳಿದು ಬರಬಹುದೆಂದು 1937ರಲ್ಲೇ ಅಂದಾಜು ಮಾಡಿದವರಲ್ಲಿ ಪರ್ಸಿವಲ್ ಇದ್ದ. 1942ರ ಫೆಬ್ರವರಿ 15ರಂದು ಶರಣಾಗತಿಗೆ ಸಹಿ ಹಾಕಿದವನೂ ಅವನೇ. ಇಂಥದ್ದನ್ನು ಕಾದಂಬರಿಕಾರ ಕಲ್ಪಿಸಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಫ್ಯಾರೆಲ್ ಈ ಕಡತಗಳ ಪಕ್ಕದಲ್ಲಿ ರಬ್ಬರ್ ವ್ಯಾಪಾರಿ ವಾಲ್ಟರ್ ಬ್ಲ್ಯಾಕೆಟ್‌ನನ್ನು ತಂದು ಕೂರಿಸುತ್ತಾನೆ. ಅವನ ಚಿಂತೆಯೆಲ್ಲ ರಬ್ಬರಿನ ಬೆಲೆ, ಕೂಲಿಗಳ ಮುಷ್ಕರ, ಕಂಪನಿಯ ಮಹೋತ್ಸವದ ಮೆರವಣಿಗೆ. ಬಾಂಬು ಬೀಳುತ್ತಿದ್ದರೂ ಮೆರವಣಿಗೆಯ ಯೋಚನೆ ಅವನನ್ನು ಬಿಡುವುದಿಲ್ಲ. ಓದುತ್ತ ನಗು ಬರುತ್ತದೆ, ಆದರೆ ಇದು ಬರಿಯ ಹಾಸ್ಯವಲ್ಲ. ಮಲಯದ ರಬ್ಬರು, ತವರ ಬ್ರಿಟನ್ನಿಗೆ ಡಾಲರು ತರುತ್ತಿದ್ದವು. ತೋಟದ ಆಳುಗಳನ್ನು ಕಂದಕ ತೋಡಲು ಕಳಿಸಿದರೆ ಉತ್ಪಾದನೆ ಕುಂಠಿತವಾಗುತ್ತದೆ. ಯಾವ ಸಂಪತ್ತಿಗಾಗಿ ವಸಾಹತನ್ನು ಕಾಯಬೇಕಿತ್ತೋ ಅದೇ ಕಾವಲಿಗೆ ಅಡ್ಡ ಬಂದಿತ್ತು. ಲಾಭದ ಲೆಕ್ಕ ತುಸು ಉದ್ದವಾಗಿ, ಪಾಠದ ಹಾಗೆ ಕೇಳಿಸುವ ಪುಟಗಳೂ ಇವೆ. ಆದರ್ಶವಾದಿ ಮ್ಯಾಥ್ಯೂ ವೆಬ್ ಬಾಯಿ ತೆರೆದಾಗಲಂತೂ ನಾನು ಹಾಳೆ ಮಗುಚಿದ್ದೇನೆ.

ನನ್ನ ದೊಡ್ಡ ತಕರಾರು ಬೇರೆಯದು. ಕಾದಂಬರಿ ಕಿಕುಚಿ ಎಂಬ ಜಪಾನಿ ಸಿಪಾಯಿಯ ತಲೆಯೊಳಗೆ ಹೊಕ್ಕು ನೋಡುತ್ತದೆ. ಮಲಯವನ್ನು ಕಾಯಲು ನಿಂತಿದ್ದ ಸೈನ್ಯದ ಬಹುದೊಡ್ಡ ಪಾಲು ಭಾರತೀಯರದು. ಅವರಿಗೆ ಅಷ್ಟು ಜಾಗ ಸಿಕ್ಕಿಲ್ಲ. ಶರಣಾಗತಿಯಾಗಿ ಎರಡು ದಿನಕ್ಕೆ, ಫ್ಯಾರರ್ ಪಾರ್ಕಿನಲ್ಲಿ ಸಾವಿರಾರು ಭಾರತೀಯ ಸೈನಿಕರನ್ನು ಜಪಾನೀಯರಿಗೆ ಒಪ್ಪಿಸಲಾಯಿತು. ಆಜಾದ್ ಹಿಂದ್ ಫೌಜು ಹುಟ್ಟಿದ್ದು ಆ ಗುಂಪಿನೊಳಗಿಂದ. ತನ್ನದಲ್ಲದ ದ್ವೀಪವನ್ನು ತನ್ನವರಲ್ಲದವರಿಗಾಗಿ ಕಾದ ಸಿಪಾಯಿ ಅವತ್ತು ಆ ಮೈದಾನದಲ್ಲಿ ನಿಂತು ಏನು ಯೋಚಿಸಿದ ಎಂಬುದನ್ನು ಫ್ಯಾರೆಲ್ ಬರೆಯಲಿಲ್ಲ.