ಕನ್ನಡದ ಬಾಗಿಲಿರುವ ಆ್ಯಪ್ ಅಂಗಡಿ

ಆಂಡ್ರಾಯ್ಡ್ ಫೋನಿಗೆ ಆ್ಯಪ್ ಬೇಕೆಂದರೆ ಗೂಗಲ್‌ನ ಪ್ಲೇ ಸ್ಟೋರ್, ಬೇರೆ ದಾರಿಯೇ ಇಲ್ಲ ಎಂದು ಹೆಚ್ಚಿನವರು ನಂಬಿದ್ದಾರೆ. ಬೆಂಗಳೂರಿನ ಫೋನ್‌ಪೇ 2024ರ ಫೆಬ್ರವರಿಯಲ್ಲಿ ತೆರೆದ ಇಂಡಸ್ ಆ್ಯಪ್‌ಸ್ಟೋರ್ ಇನ್ನೊಂದು ದಾರಿ ಮಾಡಿತು. ಇಂಗ್ಲಿಷಿನ ಜೊತೆಗೆ ಕನ್ನಡವೂ ಸೇರಿ 12 ಭಾರತೀಯ ಭಾಷೆಗಳು ಅದರಲ್ಲಿವೆ.

ನನಗೆ ಹಿಡಿಸಿದ್ದು ಅದರ ಬಾಗಿಲು. ಇಮೇಲ್ ಬೇಡ, ಮೊಬೈಲ್ ನಂಬರ್ ಸಾಕು. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲರನ್ನು ನೆನೆಯಿರಿ. ಅಂಥವರ ಜಿಮೇಲ್ ಖಾತೆಯನ್ನು ಎಷ್ಟೋ ಸಲ ಫೋನ್ ಮಾರಿದ ಅಂಗಡಿಯ ಹುಡುಗನೇ ತೆರೆದುಕೊಟ್ಟಿರುತ್ತಾನೆ. ಪಾಸ್‌ವರ್ಡ್ ಇವರಿಗೆ ಗೊತ್ತಿರುವುದಿಲ್ಲ. ಇವರಿಗೆ ನಂಬರಿನಿಂದಲೇ ಒಳಗೆ ಹೋಗುವುದು ದೊಡ್ಡ ಉಪಕಾರ.

ಆ್ಯಪ್ ಮಾಡುವವರಿಗೂ ಲಾಭವಿದೆ. ಆ್ಯಪ್ ಒಳಗಿನ ಡಿಜಿಟಲ್ ಮಾರಾಟಕ್ಕೆ ಗೂಗಲ್ ಶೇ. 30ರವರೆಗೂ ಕಮಿಷನ್ ಕೇಳುತ್ತ ಬಂದಿದೆ. ಬೇರೆ ಪೇಮೆಂಟ್ ಗೇಟ್‌ವೇ ಬಳಸಿದರೆ ಕಮಿಷನ್ ಇಲ್ಲ ಎಂದಿತು ಇಂಡಸ್. 2024ರ ಮಾರ್ಚಿನಲ್ಲಿ ಇದೇ ಶುಲ್ಕದ ಜಗಳಕ್ಕೆ ಗೂಗಲ್ ಭಾರತ್ ಮ್ಯಾಟ್ರಿಮೊನಿ, ನೌಕ್ರಿಯಂಥ ಆ್ಯಪ್‌ಗಳನ್ನು ಪ್ಲೇ ಸ್ಟೋರಿನಿಂದ ತೆಗೆದುಹಾಕಿತ್ತು. ಕೇಂದ್ರ ಸರ್ಕಾರ ನಡುವೆ ಬಂದ ಮೇಲೆ ಅವು ಮರಳಿದವು. ಯಲಹಂಕದಲ್ಲಿ ಮೂರು ಜನ ಸೇರಿ ನಡೆಸುವ ಕಂಪನಿಯ ಆ್ಯಪ್ ಹಾಗೆ ಮಾಯವಾದರೆ ದೆಹಲಿಯಿಂದ ಯಾರು ಮಾತಾಡುತ್ತಾರೆ? ಎರಡನೆಯ ಅಂಗಡಿ ಬೇಕಾಗುವುದು ಇಂಥವರಿಗೆ.

ಆದರೆ ಆ ಅಂಗಡಿಗೆ ಹೋಗುವ ದಾರಿ ಸರಿಯಿಲ್ಲ. ಪ್ಲೇ ಸ್ಟೋರ್ ತನ್ನೊಳಗೆ ಇನ್ನೊಂದು ಸ್ಟೋರಿಗೆ ಜಾಗ ಕೊಡುವುದಿಲ್ಲ. ಕೊಡಬೇಕೆಂದು ಭಾರತದ ಸ್ಪರ್ಧಾ ಆಯೋಗ ಗೂಗಲ್‌ಗೆ 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿ ದಂಡದ ಜೊತೆಗೇ ಹೇಳಿತ್ತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡ ಉಳಿಸಿ, ಆ ಸೂಚನೆಯನ್ನು ರದ್ದು ಮಾಡಿತು. ಹೀಗಾಗಿ ಇಂಡಸ್ ಬೇಕೆಂದವರು ಅದರ ವೆಬ್‌ಸೈಟಿನಿಂದ ಎಪಿಕೆ, ಅಂದರೆ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲು, ಇಳಿಸಿ, ಫೋನು ತೋರಿಸುವ ಎಚ್ಚರಿಕೆಯನ್ನು ದಾಟಬೇಕು. ವಾಟ್ಸ್ಆ್ಯಪಿನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಎಂದು ನಂಬಿಸಿ ಎಪಿಕೆ ಕಳಿಸುವ ವಂಚಕರೂ ಅದೇ ಎಚ್ಚರಿಕೆಯನ್ನು ದಾಟಿ ಎನ್ನುತ್ತಾರೆ. ಆರ್.ಟಿ. ನಗರದ ಒಬ್ಬ ಅಜ್ಜಿಗೆ ಒಂದಕ್ಕೆ ಹೂಂ ಅನ್ನಿ, ಇನ್ನೊಂದಕ್ಕೆ ಬೇಡ ಅನ್ನಿ ಎಂದು ಹೇಗೆ ತಿಳಿಸುವುದು? ಈ ಪ್ರಶ್ನೆಯನ್ನು ಪರ್ಯಾಯ ಸ್ಟೋರ್‌ಗಳ ಪರ ವಾದಿಸುವವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ.

ಶಿಯೋಮಿಯಂಥ ಕಂಪನಿಗಳ ಜೊತೆ ಒಪ್ಪಂದವಾಗಿ, ಫೋನಿನಲ್ಲಿ ಮೊದಲೇ ಇಂಡಸ್ ಕೂತು ಬರುವುದು ಇದಕ್ಕಿಂತ ಸುರಕ್ಷಿತ. ಆದರೆ ಅಲ್ಲಿ ಆರಿಸುವುದು ಫೋನ್ ಕಂಪನಿ, ಗ್ರಾಹಕರಲ್ಲ. ಗೂಗಲ್ ಇಷ್ಟು ಬೆಳೆದದ್ದೂ ಹೀಗೆ ಮೊದಲೇ ಕೂತು ಬಂದೇ.

ಕನ್ನಡದ ವಿಷಯದಲ್ಲೂ ಕೆಲಸ ಬಾಕಿಯಿದೆ. ಅಂಗಡಿ ಕನ್ನಡದಲ್ಲಿದ್ದ ಮಾತ್ರಕ್ಕೆ ಒಳಗಿನ ಆ್ಯಪ್ ಕನ್ನಡ ಮಾತಾಡುವುದಿಲ್ಲ. ಕನ್ನಡದಲ್ಲಿ ಹುಡುಕಿದವರಿಗೆ ಪೂರ್ತಿ ಕನ್ನಡದಲ್ಲೇ ನಡೆಯುವ ಆ್ಯಪ್‌ಗಳು ಮೊದಲು ಕಾಣಬೇಕು, ಜಾಹೀರಾತು ಕೊಟ್ಟವರ ಆ್ಯಪ್‌ಗಳು ಆಮೇಲೆ.