ಸಮಾಸದ ಒಳಗಡಿ: ಮಂಡ್ಯ ಸೀಮೆಯ ಊರ ಹೆಸರುಗಳಲ್ಲಿ ಉಚ್ಚಾರಾಂಶ ಮತ್ತು ಒತ್ತು

ವರ್ಣನಾತ್ಮಕ ವ್ಯಾಕರಣಗಳು ಕನ್ನಡದ ಒತ್ತನ್ನು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಮುಗಿಸುತ್ತವೆ: ಅದು ಅರ್ಥಭೇದಕವಲ್ಲ, ಪದದ ಮೊದಲ ಉಚ್ಚಾರಾಂಶದ ಮೇಲೆ ಮೆಲುವಾಗಿ ಬೀಳುತ್ತದೆ. ಮೊದಲನೆಯದು ನಿರ್ವಿವಾದ. ಎರಡನೆಯದರಲ್ಲಿ ‘ಪದ’ ಯಾವುದೆಂಬ ಪ್ರಶ್ನೆ ಉಳಿಯುತ್ತದೆ. ದೀರ್ಘ ಸಮಾಸಗಳಲ್ಲಿ ಅದನ್ನು ಬದಿಗಿಡಲಾಗದು.

‘ಮದ್ದೂರು’ ಲಿಪಿಯಲ್ಲಿ ಮ-ದ್ದೂ-ರು. ಛಂದಸ್ಸು ಮೊದಲಕ್ಷರವನ್ನು ಗುರುವೆಂದೆಣಿಸಿ ಮದ್-ದೂ-ರು ಎಂಬ ವಿಭಜನೆಯನ್ನು ಪರೋಕ್ಷವಾಗಿ ಒಪ್ಪುತ್ತದೆ. ಆದರೆ ‘ಊರು’ ಎಂಬ ಘಟಕದ ಆರಂಭ ‘ದೂ’ ಎಂಬುದರ ಒಳಗೇ ಅಡಗಿದೆ. ‘ಹಲಗೂರು’ ಕೂಡ ಹಾಗೆಯೇ. ಸ್ವರಾದಿಯಾದ ಉತ್ತರಪದದ ಗಡಿಯನ್ನು ಸಂಧಿ ಅಳಿಸುತ್ತದೆ. ಇಷ್ಟನ್ನೇ ಆಧರಿಸಿ ಕನ್ನಡ ಸಮಾಸ ಉಚ್ಚಾರಣೆಯಲ್ಲಿ ಅಖಂಡವೆನ್ನುವುದು ಅವಸರದ ತೀರ್ಮಾನ.

ಇದಕ್ಕೆ ಪ್ರತಿಸಾಕ್ಷ್ಯ ಆಡುಮಾತಿನ ಸ್ವರಲೋಪದಲ್ಲಿದೆ. ಈ ಭಾಗದಲ್ಲಿ ಕೆಲಸ ‘ಕೆಲ್ಸ’, ಮಳವಳ್ಳಿ ‘ಮಳ್ವಳ್ಳಿ’, ಕಿರುಗಾವಲು ‘ಕಿರ್ಗಾವ್ಲು’ ಆಗುತ್ತವೆ: ಪದಮಧ್ಯದ ಲಘುವಿನ ಸ್ವರ ಬೀಳುತ್ತದೆ. ಬಹುವಚನ ಪ್ರತ್ಯಯವೂ ಇದಕ್ಕೆ ಒಳಪಟ್ಟಿದೆ: ಮನೆಗಳಲ್ಲಿ > ‘ಮನೆಗ್ಳಲ್ಲಿ’. ಈಗ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವನ್ನು ಗಮನಿಸೋಣ. ‘ಶಿವ್ನಸಮುದ್ರ’, ‘ಶಿವನ್ಸಮುದ್ರ’ ಎರಡೂ ಸಾಧ್ಯ; ‘ಶಿವ್ನಸ್ಮುದ್ರ’ ಸಾಧ್ಯವಿಲ್ಲ. ‘ಗಳ’ದ ಗಕಾರದಂತೆ ಇಲ್ಲಿನ ಸಕಾರವೂ ಲಘುವಿನ ಮುಂದೆ, ಗುರುವಿನ ಹಿಂದೆ ನಿಂತ ಲಘುವೇ. ‘ಸ್ಮ’ ಸಂಯುಕ್ತವೂ ‘ವಿಸ್ಮಯ’ದಲ್ಲಿರುವಂತೆ ಭಾಷೆಗೆ ಹೊಸದಲ್ಲ. ವ್ಯತ್ಯಾಸ ಒಂದೇ: ‘ಗಳು’ ಪ್ರತ್ಯಯ, ‘ಸಮುದ್ರ’ ಸ್ವತಂತ್ರ ಪದ. ಉತ್ತರಪದದ ಆದ್ಯ ಉಚ್ಚಾರಾಂಶಕ್ಕೆ ರಕ್ಷಣೆಯಿದೆ ಎಂದರೆ, ಅಲ್ಲಿ ಎರಡನೆಯದೊಂದು ಒತ್ತನ್ನು ಊಹಿಸಲು ಆಧಾರವಿದೆ.

ಡಚ್ ಭಾಷೆಯ ಹೋಲಿಕೆ ಇಲ್ಲಿ ಉಪಯುಕ್ತ. ಖೇರ್ಟ್ ಬೋಯ್ ಅವರ 1995ರ ‘ದ ಫೊನಾಲಜಿ ಆಫ್ ಡಚ್’ ಗ್ರಂಥದಲ್ಲಿ ಸಮಾಸದ ಘಟಕಗಳು ಪ್ರತ್ಯೇಕ ಉಚ್ಚಾರಣಾಪದಗಳು. ಉಚ್ಚಾರಾಂಶ ವಿಭಜನೆ ಆ ಗಡಿಯನ್ನು ದಾಟುವುದಿಲ್ಲ. ಆದರೂ ಆಲೂಗಡ್ಡೆಯನ್ನು ಹೇಳುವ ಪದವನ್ನು ಬರೆಹ ‘ಆರ್ಡ್-ಅಪ್-ಪೆಲ್’ ಎಂದು ಒಡೆದರೆ, ನಾಲಿಗೆ ‘ಆರ್-ಡಪೆಲ್’ ಎನ್ನುತ್ತದೆ. ಬಳಕೆಯಲ್ಲಿ ಸವೆದ ಸಮಾಸದ ಗಡಿ ಅಲ್ಲಿಯೂ ಅಳಿಯುತ್ತದೆ. ಡಚ್ಚಿನಲ್ಲಿ ಅಪವಾದವಾದದ್ದು ಕನ್ನಡದ ಸ್ವರಾದಿ ಘಟಕಗಳಲ್ಲಿ ನಿಯಮ. ಡಚ್ಚಿನ ನಿಯಮಕ್ಕೆ ಸಮೀಪವಾದುದು ನಮ್ಮ ವ್ಯಂಜನಾದಿ ಘಟಕಗಳಲ್ಲಿ ಕಾಣುತ್ತದೆ.

ಇಲ್ಲಿ ಮಂಡಿಸಿದ್ದು ಕಿವಿಯ ಸಾಕ್ಷ್ಯ. ಸ್ವರಾವಧಿಯ ಅಳತೆಯಿಂದ ಅದನ್ನು ಪರೀಕ್ಷಿಸಬೇಕು. ಆದರೆ ಲಿಪಿಯ ಅಕ್ಷರವನ್ನೇ ಉಚ್ಚಾರಾಂಶವೆಂದು ಗುರುತಿಸಿದ ದತ್ತಾಂಶದಲ್ಲಿ ಈ ಪರೀಕ್ಷೆಯೇ ಸಾಧ್ಯವಾಗದು. ಸಂಶೋಧನಾರ್ಥಿಗಳು ಸಮಾಸದ ಗಡಿಯನ್ನು ಪ್ರತ್ಯೇಕವಾಗಿ ಗುರುತಿಸುವುದು ಅಗತ್ಯ. ‘ಅಕ್ಷರ ನುಂಗುವ ಮಾತು’ ಎಂದು ಹಗುರಾಗಿ ಕಾಣಲಾಗುವ ಮಂಡ್ಯದ ನುಡಿ ಯಾವುದನ್ನು ನುಂಗಬೇಕು, ಯಾವುದನ್ನು ಉಳಿಸಬೇಕೆಂಬುದನ್ನು ನಿಯಮಬದ್ಧವಾಗಿ ಬಲ್ಲದು. ಶಿಷ್ಟ ಬರೆಹ ಮರೆಮಾಚುವ ರಚನೆಯನ್ನು ತೋರಿಸಿಕೊಡುವುದೂ ಅದೇ.